ಬೆಣ್ಣೆ ಬನ್ನಿನ ಜೊತೆ ಬೈಗುಳ

ಅಪ್ಪ,

ಶಾಮ್ ಶುಯಿ ಪೋದ ನಿನ್ನ ಚಹಾದಂಗಡಿ ಈಗ ಪ್ರವಾಸಿಗಳ ಪಟ್ಟಿ ಸೇರಿದೆ. ‘ಹಾಂಗ್‌ಕಾಂಗಿನಲ್ಲಿ ತಿನ್ನಲೇಬೇಕಾದ ಹತ್ತು’, ಅದರಲ್ಲಿ ಆರನೆಯದು ನಮ್ಮ ಬೆಣ್ಣೆ ಬನ್ನು. ಕೆಳಗೆ ಒಂದು ಸಾಲು: ‘ಮುದುಕನ ಹತ್ತಿರ ಬೈಸಿಕೊಳ್ಳದೆ ಬರಬೇಡಿ.’ ನೀನು ಸತ್ತು, ನಾನು ಮನೆಗೆ ವಾಪಸು ಬಂದು ನಾಲ್ಕು ತಿಂಗಳಾದದ್ದು ಆ ಪಂಡಿತರಿಗೆ ಗೊತ್ತಿಲ್ಲ.

ಇವತ್ತು ಸಿಂಗಪುರದಿಂದ ಗಂಡಹೆಂಡತಿ ಬಂದಿದ್ದರು. ಅವರು ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಬನ್ನಿನೊಳಗಿನ ಒಂದೇ ತುಂಡು ಬೆಣ್ಣೆ ಕರಗಿ ತಟ್ಟೆಗಿಳಿದಿತ್ತು. ಬಾಗಿಲಲ್ಲಿ ಹತ್ತು ಜನ ಜಾಗಕ್ಕಾಗಿ ಕಾಯುತ್ತಿದ್ದರು. ತಿಂದಾದ ಮೇಲೆ ಹೆಂಡತಿ ಕೇಳಿದಳು, “ಬೈಯೋ ತಾತ ಎಲ್ಲಿ? ಅದಕ್ಕೇ ಅಂತ ಬಂದ್ವಿ.”

“ತೀರಿಕೊಂಡ್ರು.”

“ಅಯ್ಯೋ! ಹಾಗಾದ್ರೆ ನೀವೇ ಸ್ವಲ್ಪ ಬೈತೀರಾ?” ಎಂದು ಫೋನು ಎತ್ತಿ ಹಿಡಿದಳು.

ಊರು ದಾಟಿ ಬಂದು ಉಗಿಸಿಕೊಳ್ಳುವ ನಾಚಿಕೆಗೆಟ್ಟ ಜನ! ನಿನ್ನ ಹರಕು ಬಾಯಿಗೆ ಮೂವತ್ತು ವರ್ಷ ಹಲ್ಲು ಕಿರಿದು, “ಮುದುಕನ ಮನಸ್ಸು ಬಂಗಾರ” ಅನ್ನುತ್ತಿದ್ದ ಗಿರಾಕಿಗಳೂ ಇಂಥವರೇ. ಬಂಗಾರವಂತೆ!

ಒಲೆಯ ಹತ್ತಿರದಿಂದ ಅಡುಗೆಯ ಕ್ವೋಕ್ ಮಾಮ ಕೂಗಿದ, “ಬೈಯೇ, ಅವನ ಮಗಳಲ್ವಾ ನೀನು!”

ನನ್ನ ಬಾಯಿಂದ ನಿನ್ನ ಮಾತೇ ಬಂತು. “ತಿಂದಾಯ್ತಲ್ಲ, ಏಳು! ಜಾಗ ಖಾಲಿ ಮಾಡು. ನಿನ್ನ ಮುಖ ನೋಡ್ಕೊಂಡು ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ?”

ಅವಳು ಚಪ್ಪಾಳೆ ತಟ್ಟಿ ನಕ್ಕಳು. ಕೂತಲ್ಲಿಂದ ಅಲುಗಲಿಲ್ಲ, ಇನ್ನೊಂದು ಬನ್ನು ತರಿಸಿಕೊಂಡಳು.

ಹನ್ನೊಂದು ವರ್ಷದ ಹಿಂದೆ ಅದೇ ಮೇಜಿನ ಮೇಲೆ ನನ್ನ ಬನ್ನಿಗೆ ಎರಡು ತುಂಡು ಬೆಣ್ಣೆ ಇಟ್ಟುಕೊಟ್ಟು, ನೀನು ನನಗೂ ಇದೇ ಮಾತು ಅಂದಿದ್ದೆ.

ಎದ್ದು ಹೋದವಳು ನಾನೊಬ್ಬಳೇ.