ದಿಲುವಿನ ಹೆಸರಿನ ಹಸು

ಕಿಲಾಗಲ್, ಕಾಠ್ಮಂಡು
ಭಾದ್ರ ಮಾಸ, ಗಾಯಿಜಾತ್ರೆಯ ಸಂಜೆ

ಪ್ರೀತಿಯ ಆಮಾ,

ನಿಮ್ಮ ಮಂಡಿನೋವು ಹೇಗಿದೆ? ಮಳೆ ನಿಲ್ಲುವ ತನಕ ಆ ಕಲ್ಲುಮೆಟ್ಟಿಲು ಇಳಿದು ನಲ್ಲಿಯ ಹತ್ತಿರ ಹೋಗಬೇಡಿ, ನೀರು ತರುವುದನ್ನು ಮಗ ಖಿಮ್ ಬಹಾದುರನಿಗೆ ಬಿಡಿ. ಹೊಸ ಕನ್ನಡಕ ಬಂತೇ? ಬಂದಿದ್ದರೆ ಇದನ್ನು ನೀವೇ ಓದಿಕೊಳ್ಳಿ, ಬಾರದಿದ್ದರೆ ಬರುವ ತನಕ ದಿಂಬಿನ ಕೆಳಗಿಡಿ, ಓದಿ ಹೇಳು ಎಂದು ಯಾರ ಕೈಗೂ ಕೊಡಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯ ಫೋನು ಯಾವಾಗಲೂ ಖಿಮ್‌ನ ಜೇಬಿನಲ್ಲಿರುತ್ತದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಹೊಲಿಗೆ ಅಂಗಡಿ ನಡೆಯುತ್ತಿದೆ. ತೀಜ್ ಹತ್ತಿರ ಬಂತಲ್ಲ, ಗಂಡನ ಹೆಸರಿನಲ್ಲಿ ಉಪವಾಸ ಮಾಡುವವರ ಕೆಂಪು ರವಿಕೆಗಳು ರಾಶಿ ಬಿದ್ದಿವೆ. ನೀವು ಬಸ್ಸಿನಲ್ಲಿ ಕಳಿಸಿದ್ದ ಆ ಅಗಲದ ರಜಾಯಿಯನ್ನು ಮೊನ್ನೆ ಸ್ವಲ್ಪ ಬಿಸಿಲು ಕಂಡಾಗ ತಾರಸಿಯ ಮೇಲೆ ಹರವಿದ್ದೆ. ಹತ್ತಿ ಇನ್ನೂ ಗಂಟುಕಟ್ಟಿಲ್ಲ.

ಇವತ್ತು ಗಾಯಿಜಾತ್ರೆ. ನಿಮ್ಮ ತಾನ್ಸೆನ್ ಪೇಟೆಯಲ್ಲೂ ನಮ್ಮ ನೇವಾರರು ಮಾಡುತ್ತಾರೆ, ನೋಡಿರುತ್ತೀರಿ. ಆ ವರ್ಷ ಯಾರ ಮನೆಯಲ್ಲಿ ಸಾವಾಗಿದೆಯೋ ಆ ಮನೆಯವರು ಸತ್ತವರ ಹೆಸರಿನಲ್ಲಿ ಒಂದು ಹಸುವನ್ನು ಊರು ಸುತ್ತಲು ಕಳಿಸಬೇಕು. ಹಸು ಇಲ್ಲದವರು ಮನೆಯ ಒಬ್ಬ ಹುಡುಗನಿಗೆ ವೇಷ ಹಾಕುತ್ತಾರೆ. ಹಣೆಗೆ ಕಾಗದದ ಹಸುಮುಖ, ತಲೆಗೆ ಕೋಡು, ಉದ್ದನೆಯ ನಿಲುವಂಗಿ, ಮೂಗಿನ ಕೆಳಗೆ ಮೀಸೆ. ಹಸುವಿಗೆ ಯಾಕೆ ಮೀಸೆ ಎಂದು ನನ್ನನ್ನು ಕೇಳಬೇಡಿ, ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದಕ್ಕೆ ತಲೆಗೊಂದು ಮೊಟಕಿದ್ದಳು. ದಾರಿಯುದ್ದಕ್ಕೂ ಜನ ಹಾಲು, ಹಣ್ಣು, ಅವಲಕ್ಕಿ ಕೊಡುತ್ತಾರೆ. ಆ ಹಸುವಿನ ಬಾಲ ಹಿಡಿದುಕೊಂಡೇ ಸತ್ತವರು ಆಚೆಯ ಬಾಗಿಲು ದಾಟುವುದು. ಹಸು ಬಾರದವರು ಬಾಗಿಲಲ್ಲೇ ನಿಂತಿರುತ್ತಾರಂತೆ. ಇದನ್ನೆಲ್ಲ ನಾನು ಅಷ್ಟಾಗಿ ನಂಬಿದವಳಲ್ಲ. ಆದರೆ ಫಾಲ್ಗುಣದಲ್ಲಿ ಹೋದ ನಮ್ಮ ದಿಲು ಎಲ್ಲೋ ಒಂದು ಬಾಗಿಲಲ್ಲಿ ಕಾಯುತ್ತ ನಿಂತಿದ್ದಾಳೆ ಎಂಬ ಯೋಚನೆ ತಲೆಗೆ ಹೊಕ್ಕದ್ದೇ ನನಗೆ ಅನ್ನ ಸೇರದಾಯಿತು. ನಿಮ್ಮ ಮಗಳನ್ನು ನಿಮಗೆ ನಾನು ಹೇಳಬೇಕೇ, ಸಿನಿಮಾ ಟಿಕೆಟ್ಟಿನ ಸಾಲಿನಲ್ಲೂ ಅವಳು ನೆಟ್ಟಗೆ ನಿಂತವಳಲ್ಲ.

ಕೆಳಗಿನ ಅಂತಸ್ತಿನಲ್ಲಿರುವ ಅಣ್ಣನನ್ನು ಕೇಳಿದೆ. ಮನೆಯ ಹಿರಿಯ ಅವನು, ಹಸು ಹೊರಡಬೇಕಾದರೆ ಪೂಜೆಗೆ ಅವನು ಕೂರಬೇಕು. ಅವನು ಹುಕ್ಕಾ ಬದಿಗಿಟ್ಟು, "ಅವ್ಳು ಯಾವ ಮನೆ ಸಾವು, ನಾನಿಹೀರಾ? ನಮ್ಮನೇದಲ್ಲ. ಮಗರ್ ಜಾತಿ ಹುಡುಗಿ, ಬಾಡಿಗೆಗಿದ್ಲು. ಅವಳಣ್ಣ ಬಂದು ಹೆಣ ಸುಟ್ಟು ಹೋದ. ಮುಗೀತಲ್ಲ," ಅಂದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಇದೇ ಮನೆಯಲ್ಲಿದ್ದು ಅವನ ಮೊಮ್ಮಕ್ಕಳ ಮೂಗು ಒರೆಸಿದವಳು ಬಾಡಿಗೆಯವಳಾದಳು. ನಾನು ಜಗಳವಾಡಲಿಲ್ಲ. ಆರ್ಯಘಾಟ್‌ನ ಚಿತೆಯ ಬಳಿ ಖಿಮ್ ನನ್ನನ್ನು ಪುರೋಹಿತರಿಗೆ "ರೂಮಲ್ಲಿ ಜೊತೆಗಿದ್ದೋರು" ಎಂದು ಪರಿಚಯಿಸಿದಾಗಲೂ ಆಡಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಬೇರೆ ಹೆಸರು ಅವನಿಗೆ ಗೊತ್ತಿರಲಿಲ್ಲ. ಅವನು ತಂಗಿಯ ಶೋಕಕ್ಕೆ ವರ್ಷವಿಡೀ ಬಿಳಿ ಉಡುತ್ತಾನೆ, ನನಗೆ ಉಡುವ ಹಕ್ಕಿಲ್ಲ. ಹಾಗಾಗಿ ನನ್ನ ರವಿಕೆಗಳಿಗೆಲ್ಲ ಒಳಗೆ ಬಿಳಿ ಲೈನಿಂಗ್ ಕೊಟ್ಟು ಹೊಲಿದುಕೊಂಡಿದ್ದೇನೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಈಗ ನಾಟಕದ ವಿಷಯ. ದಿಲು ಶಾಲೆಯಲ್ಲಿ ಆಟದ ಟೀಚರ್, ಸಂಜೆ ಒಂದು ನಾಟಕ ತಂಡದಲ್ಲಿ ಪಾತ್ರ ಮಾಡುತ್ತಾಳೆ ಎಂದು ನಿಮಗೆ ಹೇಳಿದ್ದಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ತಂಡದವರು ಗಂಡಸನ್ನು ಮೆಚ್ಚಿದ ಗಂಡಸರು, ಹೆಂಗಸನ್ನು ಮೆಚ್ಚಿದ ಹೆಂಗಸರು. ಮನೆಯಲ್ಲಿ ಸೋದರಮಾವನ ಮದುವೆ ಎಂದು ಸುಳ್ಳು ಹೇಳಿ ತಾಲೀಮಿಗೆ ಬರುವವರು. ಒಂದು ಹಳೆಯ ಗೋದಾಮಿನಲ್ಲಿ ಅವರ ನಾಟಕ, ಕವಿತೆ ಓದುವುದು, ಚಿತ್ರ ತೂಗುಹಾಕುವುದು ಎಲ್ಲ ನಡೆಯುತ್ತದೆ, ವೇಷ ಹೊಲಿಯುವವಳು ನಾನು. ನಿಮ್ಮ ಮಗಳ ಹವಲ್ದಾರನ ಪಾತ್ರ ನೀವು ನೋಡಬೇಕಿತ್ತು. ಪಾರ್ಕಿನಲ್ಲಿ ಜೋಡಿಗಳನ್ನು ಹಿಡಿದು, "ಏ, ನಿಮ್ಮಿಬ್ರಲ್ಲಿ ಗಂಡ ಯಾರು? ಕೈ ಎತ್ರಿ!" ಎಂದು ಗದರಿಸುವ ಪೊಲೀಸ್. ಇಬ್ಬರೂ ಕೈ ಎತ್ತುತ್ತಾರೆ, ಇಲ್ಲವೇ ಇಬ್ಬರೂ ಎತ್ತುವುದಿಲ್ಲ, ಹವಲ್ದಾರ ತಲೆ ಕೆರೆದುಕೊಂಡು ಕೊನೆಗೆ ತನ್ನ ಕೈಯನ್ನೇ ಎತ್ತುತ್ತಾನೆ. ನಿಜವಾದ ಪೊಲೀಸರೂ ಬಾಗಿಲಲ್ಲಿ ನಿಂತು ನಕ್ಕಿದ್ದುಂಟು. ಕಪ್ಪು ಉಣ್ಣೆಯ ಆ ದಪ್ಪ ಮೀಸೆ ನಾನು ಕಟ್ಟಿಕೊಟ್ಟದ್ದು. ಬೀದಿಯಲ್ಲಿ ಹೋದರೆ ತರಕಾರಿಯವರೂ "ಹವಲ್ದಾರ್ ಸಾಬ್" ಎಂದೇ ಕರೆಯುತ್ತಿದ್ದರು. ಮಾಘದಲ್ಲಿ, ಕೆಮ್ಮಿನ ನಡುವೆ, ಎರಡು ಮಾತಿಗೊಮ್ಮೆ ರಂಗದ ಮೇಲೆಯೇ ಕುಳಿತು ಕೊನೆಯ ಸಲ ಆ ಪಾತ್ರ ಮಾಡಿದಳು. ಜನ ಅದೂ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು.

ಗಾಯಿಜಾತ್ರೆ ಸಾವಿನ ದಿನ ಹೇಗೋ ಅಣಕದ ದಿನವೂ ಹಾಗೇ. ಮಗನನ್ನು ಕಳೆದುಕೊಂಡ ರಾಣಿಯನ್ನು ನಗಿಸಿರೆಂದು ರಾಜ ಡಂಗುರ ಸಾರಿದ ಕಥೆ ನಿಮಗೂ ಗೊತ್ತು. ಅದೇ ದಿನ ನಮ್ಮ ಗೋದಾಮಿನವರೂ ಬಣ್ಣ ಬಳಿದುಕೊಂಡು ಮೆರವಣಿಗೆ ಹೊರಡುತ್ತಾರೆ. ವರ್ಷಕ್ಕೊಮ್ಮೆ ಮುಖ ಮುಚ್ಚಿಕೊಳ್ಳದೆ ನಡೆಯುವುದು ಅಂದೇ. ಅಣ್ಣ ಬಿಡದಿದ್ದರೇನು, ಆ ಮೆರವಣಿಗೆಯಲ್ಲೇ ದಿಲುವಿನ ಹಸುವನ್ನು ಕರೆದೊಯ್ಯುತ್ತೇನೆ ಎಂದು ಗೋದಾಮಿನ ಸಭೆಯಲ್ಲಿ ಹೇಳಿದೆ. ಸಂಯೋಗ ಎಂಬ ಹುಡುಗ ಈಗ ತಂಡದ ಮುಂದಾಳು, ದಿಲು ಮಾತು ಕಲಿಸಿ ರಂಗಕ್ಕೆ ತಂದವನು. ಅವನೇ ಅಡ್ಡ ಬಂದ. "ಬೇಡ ದಿದಿ. ನಮ್ದು ನಗೋ ಮೆರವಣಿಗೆ. ಟೀವಿಯೋರು ನಾವು ಅಳೋದನ್ನ ಮಾತ್ರ ತೋರಿಸ್ತಾರೆ. ಒಂದ್ ದಿನ ಆದ್ರೂ ಅಳೋದು ಬೇಡ. ದಿಲು ದಿದಿ ಇದ್ದಿದ್ರೂ ಇದೇ ಹೇಳ್ತಿದ್ರು." ಕೊನೆಯ ಮಾತಿಗೆ ನನ್ನ ಮೈ ಉರಿಯಿತು. "ದಿಲು ಏನು ಹೇಳ್ತಿದ್ಲು ಅಂತ ನೀನು ನನಗೆ ಹೇಳ್ಬೇಡ ಕಣೋ, ಲಿಪ್‌ಸ್ಟಿಕ್ ನೆಟ್ಟಗೆ ಹಚ್ಚೋಕೆ ಕಲಿ ಮೊದ್ಲು," ಅಂದು ಎದ್ದು ಬಂದೆ. ವೇಷ ಹಾಕಲು ಯಾರೂ ತಮ್ಮ ಮನೆಯ ಹುಡುಗನನ್ನು ಎರವಲು ಕೊಡಲಿಲ್ಲ ಆಮಾ. ಹಾಗಾಗಿ ಈ ವಯಸ್ಸಿನಲ್ಲಿ ನಾನೇ ಹಸುವಾದೆ.

ಬೆಳಿಗ್ಗೆ ಬಿಳಿ ನಿಲುವಂಗಿ ತೊಟ್ಟೆ. ಇಷ್ಟು ತಿಂಗಳಲ್ಲಿ ಮೊದಲ ಸಲ ಬಿಳಿ ಹೊರಗೆ ಬಂತು. ಕಾಗದದ ಹಸುಮುಖ, ಹಿಂದೆ ಬಟ್ಟೆಯ ಬಾಲ ಕಟ್ಟಿಕೊಂಡೆ, ಹಾಲಿಗೊಂದು ಲೋಟ ಹಿಡಿದೆ, ಕುತ್ತಿಗೆಗೆ ದಿಲುವಿನ ಫೋಟೋ ತೂಗುಹಾಕಿಕೊಂಡೆ. ನಿಮ್ಮ ಅಂಗಳದಲ್ಲಿ ತೆಗೆದದ್ದು, ಹಿಂದೆ ನಿಮ್ಮ ಸೆರಗಿನ ಅಂಚೂ ಕಾಣುತ್ತದೆ. ಮೀಸೆ ಬರೆದುಕೊಳ್ಳಲು ಕಾಡಿಗೆ ಹುಡುಕಿದೆ. ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದು ಅವಳ ಉಣ್ಣೆ ಮೀಸೆ. ಅವಳ ಉಸಿರು ತಾಗಿದ ವಸ್ತು ಇನ್ನೇನು ಉಳಿದಿತ್ತು, ಅದನ್ನೇ ಅಂಟಿಸಿಕೊಂಡೆ. ಅಲ್ಲೇ ನಾನು ಎಡವಿದ್ದು. ಥಮೇಲ್ ದಾಟಿ ಜನ ಸೇರಿದ ಕಡೆ ಬರುತ್ತಿದ್ದಂತೆ ಆ ಮೀಸೆಯ ಗುರುತು ಹಿಡಿದರು. "ಓಹೋ, ಹವಲ್ದಾರ್ ಸಾಬ್! ಯಾವಾಗ ಹಸು ಆದ್ರಿ? ಪ್ರಮೋಷನ್ ಸಿಕ್ತಾ?" ಎಂದು ಒಬ್ಬ ಕೂಗಿದ. ಇನ್ನೊಬ್ಬಳು, "ಹಾಲು ಕೊಡ್ತೀರಾ, ಲಂಚ ತಗೋತೀರಾ?" ಅಂದಳು. ಇಡೀ ಬೀದಿ ಗೊಳ್ಳೆಂದಿತು. ಅವರದೇನೂ ತಪ್ಪಿಲ್ಲ, ಆ ಮೀಸೆ ಕಂಡಾಗ ನಗಬೇಕೆಂದು ಕಲಿಸಿದವಳು ನಿಮ್ಮ ಮಗಳೇ. ಕೊರಳಲ್ಲಿದ್ದ ಫೋಟೋ ಯಾರೂ ನೋಡಲಿಲ್ಲ. ನನಗೆ ಅಳು ಒತ್ತರಿಸಿ ಬಂತು, ಕಣ್ಣೀರಿಗೆ ಅಂಟು ಬಿಟ್ಟು ಮೀಸೆಯ ಒಂದು ಕಡೆ ಜೋತುಬಿತ್ತು. ಅದಕ್ಕೆ ಇನ್ನೂ ಜೋರಾಗಿ ನಕ್ಕರು. ನಾನು ತಿರುಗಿ ಮನೆಗೆ ಹೋಗಿಬಿಡಬೇಕೆಂದಿದ್ದೆ. ಬಾಲ ಎಳೆದಂತಾಯಿತು. ನೋಡಿದರೆ ಸಂಯೋಗ. ಜರಿ ಸೀರೆ, ಗಾಜಿನ ಬಳೆ, ನೆಲಕ್ಕೆ ಉಜ್ಜಿ ಕೊಳೆಯಾಗುತ್ತಿದ್ದ ನನ್ನ ಬಟ್ಟೆಯ ಬಾಲವನ್ನು ಎತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. "ನಡೀರಿ ದಿದಿ, ನಾ ಹಿಂದಿದೀನಿ," ಅಂದ. ಅವನ ಲಿಪ್‌ಸ್ಟಿಕ್ ಇವತ್ತೂ ಸೊಟ್ಟಗೇ ಇತ್ತು.

ಅಸನ್ ಚೌಕದ ಮೂಲೆಯಲ್ಲಿ ಒಬ್ಬ ಮುದುಕಿ ಹಿತ್ತಾಳೆ ಪಾತ್ರೆಯಲ್ಲಿ ಹಾಲಿಟ್ಟುಕೊಂಡು ಕುಳಿತಿದ್ದಳು. ಬಂದ ಬಂದ ಹಸುವಿಗೆಲ್ಲ ಹಾಲು ಕೊಡುತ್ತಿದ್ದಳು. ಅವಳು ನಗಲಿಲ್ಲ. ಸೌಟು ಎತ್ತಿ ಹಿಡಿದು, ಎಲ್ಲರನ್ನೂ ಕೇಳುವ ಹಾಗೆಯೇ ನನ್ನನ್ನೂ, "ಯಾರ ಹೆಸರಿನ ಹಸು?" ಎಂದು ಕೇಳಿದಳು. ದಿಲ್‌ಕುಮಾರಿ ಅಂದೆ. ಫೋಟೋವನ್ನು ಬಗ್ಗಿ ನೋಡಿ, "ಅಯ್ಯೋ, ಸಣ್ಣ ವಯಸ್ಸು. ನಿನಗೇನಾಗ್ಬೇಕು?" ಅಂದಳು. ನಗುತ್ತಿದ್ದವರು ಕೇಳಿಸಿಕೊಳ್ಳಲು ಹತ್ತಿರ ಬಂದರು. ಸಂಯೋಗನ ಬಳೆಯ ಸದ್ದೂ ನನ್ನ ಬೆನ್ನ ಹತ್ತಿರ ಬಂತು. ಅವಳಿಗೆ ನಾನೊಂದು ಉತ್ತರ ಹೇಳಿದೆ. ಏನು ಹೇಳಿದೆ ಎಂಬುದನ್ನು ಎಂದಾದರೂ ನೀವು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ಮುದುಕಿ ನನ್ನ ಮುಖವನ್ನು ನೋಡಿದಳು, ತನ್ನ ಪಕ್ಕ ಕುಳಿತವಳನ್ನು ನೋಡಿದಳು, ಆಮೇಲೆ, "ಲೋಟ ನೆಟ್ಟಗೆ ಹಿಡಿಯಮ್ಮ, ಚೆಲ್ಲುತ್ತೆ," ಅಂದು ಹಾಲು ಹಾಕಿದಳು. ನನ್ನ ಕಾಲಿಗೆ ಹೂವನ್ನೂ ಇಟ್ಟಳು. ಅಲ್ಲಿಂದಾಚೆ ಬಸಂತಪುರದ ತನಕ ಬಾಗಿಲು ಬಾಗಿಲಲ್ಲಿ ಹೆಂಗಸರು ಅವಲಕ್ಕಿ ಹಾಕಿದರು, ಪೇರಲೆ ಹಾಕಿದರು. ಕೆಲವರು ನಗುತ್ತಲೇ ಹಾಕಿದರು. ಹಾಕಿದರಲ್ಲ, ಸಾಕು.

ದಿಲು ಬಾಗಿಲು ದಾಟಿದಳೋ ಇಲ್ಲವೋ ನಾನು ಕಾಣೆ. ದಾಟಿದ್ದರೆ ಸಂಯೋಗನ ಕೈಯ ಪಕ್ಕದಲ್ಲೇ ಬಾಲ ಹಿಡಿದಿರಬೇಕು. ಮನೆಗೆ ಬಂದು ಮೀಸೆ ತೆಗೆದಿಟ್ಟೆ. ಸಿಕ್ಕಿದ ಅವಲಕ್ಕಿಯನ್ನು ಮನೆಯವರೆಲ್ಲ ಕೂತು ತಿನ್ನುವುದು ಪದ್ಧತಿ. ಒಂದು ತಟ್ಟೆ ಕೆಳಗೆ ಕೊಂಡೊಯ್ದೆ, ಅಣ್ಣ ಬಾಗಿಲು ತೆಗೆಯಲಿಲ್ಲ. ನಾನೊಬ್ಬಳೇ ತಿನ್ನಲು ನೋಡಿದೆ. ಅವಳಿಲ್ಲದೆ ಬದುಕುವುದು ನನ್ನಿಂದ ಆಗುತ್ತಿಲ್ಲ ಆಮಾ. ಬೆಳಿಗ್ಗೆ ಟೀಗೆ ಇನ್ನೂ ಎರಡು ಲೋಟ ತೆಗೆಯುತ್ತೇನೆ. ಇದನ್ನು ಬೇರೆ ಯಾರಿಗೆ ಬರೆಯಲಿ?

ನಿಮ್ಮ ಪಾಲಿನ ಅವಲಕ್ಕಿಯನ್ನು ಪೊಟ್ಟಣ ಕಟ್ಟಿ ಇದರ ಜೊತೆ ಇಟ್ಟಿದ್ದೇನೆ. ನಾಳೆಯ ತಾನ್ಸೆನ್ ಬಸ್ಸಿನ ಡ್ರೈವರ್ ತಂದು ಕೊಡುತ್ತಾನೆ. ಖಿಮ್‌ಗೂ ಒಂದು ಹಿಡಿ ಕೊಡಿ. ಮಂಡಿಗೆ ಸಾಸಿವೆ ಎಣ್ಣೆ ಬಿಸಿಮಾಡಿ ಹಚ್ಚಿಕೊಳ್ಳಿ. ನಿಮ್ಮ ಪಾದಕ್ಕೆ ತಲೆಯಿಟ್ಟು,

ನಿಮ್ಮ
ನಾನಿಹೀರಾ

ಮರೆತದ್ದು: ಮರೆತದ್ದಲ್ಲ ಆಮಾ, ಬರೆಯಲು ಹೆದರಿದ್ದು. ಈಗ ಬೆಳಿಗ್ಗೆ, ಬಸ್ ನಿಲ್ದಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಇವತ್ತಿನ ಪೇಪರಿನಲ್ಲಿ ನನ್ನ ಚಿತ್ರ ಬಂದಿದೆ, ಕೊರಳಲ್ಲಿ ದಿಲುವಿನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಮುದುಕಿಗೆ ನಾನು ಹೇಳಿದ ಉತ್ತರವನ್ನು ಯಾರೋ ಕೇಳಿಸಿಕೊಂಡು ಕೆಳಗೆ ಹಾಗೇ ಹಾಕಿದ್ದಾರೆ. "ನನ್ನ ಹೆಂಡತಿ" ಎಂದು ಹೇಳಿದ್ದೆ. ಆ ಪೇಪರೂ ಇದೇ ಬಸ್ಸಿನಲ್ಲಿ ಬರುತ್ತಿದೆ. ಟೀ ಅಂಗಡಿಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಿ. ಈ ಕಾಗದ ಹರಿದು ಹಾಕಿದರೂ ನಾನು ಏನೂ ಅನ್ನುವುದಿಲ್ಲ. ಆದರೆ ಒಂದು ಮಾತು. ಆ ದಶೈಂ ಹಬ್ಬಕ್ಕೆ ನೀವು ನಮ್ಮ ಕೋಣೆಗೆ ಬಂದಿರಿ, ಇದ್ದ ಒಂದೇ ಮಂಚ ನೋಡಿದಿರಿ, ಏನೂ ಕೇಳದೆ ಹೋದಿರಿ. ಚಳಿ ಶುರುವಾಗುತ್ತಿದ್ದಂತೆ ಆ ರಜಾಯಿ ಬಂತು. "ಆಮಾಗೆ ಅಳತೆ ತಪ್ಪಿದೆ, ಒಬ್ಳಿಗೆ ಇಷ್ಟು ದೊಡ್ಡದಾ," ಎಂದು ದಿಲು ಸಾಯುವ ತನಕ ನಗುತ್ತಿದ್ದಳು. ನಾನು ಬಟ್ಟೆ ಅಳೆಯುವವಳು ಆಮಾ. ಅಷ್ಟು ದೊಡ್ಡದಾಗಿ ಯಾರಿಗೂ ಅಳತೆ ತಪ್ಪುವುದಿಲ್ಲ. ಈ ಸಲದ ಚಳಿಗೆ ಅದು ನನ್ನೊಬ್ಬಳ ಮೇಲೆ ತುಂಬಾ ಅಗಲವಾಗುತ್ತದೆ. ಮಂಡಿ ತಾಳಿದರೆ ಬನ್ನಿ.