ಶಿವಗಂಗಾ ತೆಗೆದ ಹನ್ನೆರಡು ಗುಂಟೆ

ಮಗಳೇ ಶಿವಗಂಗಾ,

ಈ ಕಾಗದದಲ್ಲಿ ಚೇಷ್ಟೆ ಇಲ್ಲ. ಅದನ್ನು ಮೊದಲೇ ಹೇಳಬೇಕಾಗಿ ಬಂದಿದೆ ನೋಡು, ಎಪ್ಪತ್ತೆರಡು ವರ್ಷದಲ್ಲಿ ನಾನು ಗಳಿಸಿದ್ದು ಇಷ್ಟೇ. ಮೂವತ್ತೈದು ವರ್ಷ ಹೊಲ ಅಳೆದೆ. ಮೋಜಣಿಯೊಳಗೆ ಮೋಜು ಮೊದಲು ಬರುತ್ತದೆ, ಕೆಲಸ ಆಮೇಲೆ ಎಂದು ಹೋದ ಊರಲ್ಲೆಲ್ಲ ಹೇಳಿ ನಗಿಸುತ್ತಿದ್ದೆ. ಜನ ನಗುತ್ತಿದ್ದರು. ನಗುವವರು ಕಲ್ಲು ಎಲ್ಲಿ ನೆಟ್ಟೆ ಎಂದು ನೋಡುವುದಿಲ್ಲ.

ಗಣಿತ ಕಲಿತರೆ ಮುಂದೆ ಏನೇನು ಕೆಲಸ ಮಾಡಬಹುದು ಎಂದು ಹತ್ತನೆಯವರಿಗೆ ತೋರಿಸಲು ನಿಮ್ಮ ಅನ್ನಪೂರ್ಣಾ ಟೀಚರು ಶನಿವಾರಕ್ಕೊಬ್ಬರನ್ನು ಶಾಲೆಗೆ ಕರೆಸುತ್ತಿದ್ದರು. ಜಮಖಾನೆ ನೇಯುವ ನವಲಗುಂದದ ರಾಜಮಾಬಿ ಬಂದು ಜಮಖಾನೆಯ ನವಿಲಿಗೆ ಎಷ್ಟು ಎಳೆ ಬೇಕು ಎಂದು ಎಣಿಸಿ ತೋರಿಸಿದ್ದರಂತೆ. ಫೆಬ್ರುವರಿಯಲ್ಲಿ, ಕಡಲೆ ಕಿತ್ತು ಹೊಲ ಬಯಲಾದ ಮೇಲೆ, ನನ್ನ ಪಾಳಿ ಬಂತು. ಶಾಲೆಯ ಬಾಜು ಇರುವ ಹೊಳಬಸಪ್ಪನ ಹೊಲವನ್ನು ಆರಿಸಿದವನು ನಾನೇ. ಅವನು ಶಾಲಾ ಸಮಿತಿಯ ಅಧ್ಯಕ್ಷ, ಮಂಡಕ್ಕಿ ಮಿರ್ಚಿ ತರಿಸುತ್ತೇನೆ ಎಂದಿದ್ದ. ಅದರ ಬದುವಿನಾಚೆ ನಿಮ್ಮಪ್ಪ ಗುಡದಪ್ಪನ ತುಂಡು ಹೊಲ ಇದೆ ಎಂಬುದು ನೆನಪಿರಲಿಲ್ಲ. ಇಲ್ಲ, ಸುಳ್ಳು. ನೆನಪಿತ್ತು. ಮಕ್ಕಳು ಅಷ್ಟು ದೂರ ಲೆಕ್ಕ ಒಯ್ಯುವುದಿಲ್ಲ ಎಂದುಕೊಂಡೆ.

ಸರಪಳಿಗೆ ಹದಿನಾರು ಕೊಂಡಿ, ಒಟ್ಟು ಮೂವತ್ಮೂರು ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಇಷ್ಟು ಹೇಳಿಕೊಟ್ಟೆ. ಆದರೆ ಹಿಂದಿನ ದಿನವೇ ಒಂದು ಕೊಂಡಿ ಕಳಚಿ ಜೇಬಿಗೆ ಹಾಕಿಕೊಂಡಿದ್ದೆ, ಯಾರು ಕಂಡುಹಿಡಿಯುತ್ತಾರೋ ನೋಡೋಣ ಎಂದು. ನೀವು ಅಳೆದಿರಿ. ಹದಿನಾರು ಸರಪಳಿ ಉದ್ದ, ಹದಿನಾರು ಅಗಲ, ಇನ್ನೂರ ಐವತ್ತಾರು ಗುಂಟೆ. ಎಲ್ಲರೂ ಬರೆದುಕೊಂಡರು. ನೀನೊಬ್ಬಳು ಸರಪಳಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೊಂಡಿ ಎಣಿಸುತ್ತಿದ್ದೆ.

“ಅಜ್ಜಾರ, ಹದಿನೈದ ಅದಾವ್ರಿ,” ಎಂದು ನನಗಷ್ಟೇ ಕೇಳುವಂತೆ ಹೇಳಿದೆ.

ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಯಾವ ಮಾಪಿನಲ್ಲಿ ಅಳೆಯಲಿ? ಇವಳು ಮೋಜಣಿಗೆ ಬರಬೇಕಾದವಳು ಎಂದುಕೊಂಡೆ. ಹದಿನಾರು ಸಲಕ್ಕೆ ಹದಿನಾರು ಕೊಂಡಿ ಕಡಿಮೆ ಎಂದು ನೀನು ಉದ್ದದಲ್ಲಿ ಒಂದು ಸರಪಳಿ ಇಳಿಸಿದೆ, ಅಗಲದಲ್ಲಿ ಒಂದು ಇಳಿಸಿದೆ. ಹದಿನೈದು ಹದಿನೈದಲೆ ಇನ್ನೂರ ಇಪ್ಪತ್ತೈದು. ಅಲ್ಲಿಗೇ ನಿಲ್ಲಬಹುದಿತ್ತು. ನೀನು ಟೀಚರ ಕೈಲಿದ್ದ ಪಹಣಿ ಇಸಿದುಕೊಂಡು ಓದಿದೆ. ಅದರಲ್ಲಿ ಐದು ಎಕರೆ ಹದಿಮೂರು ಗುಂಟೆ, ಅಂದರೆ ಇನ್ನೂರ ಹದಿಮೂರು.

“ಹನ್ನೆರಡ ಗುಂಟೆ ಹೆಚ್ಚಿಗಿ ಐತ್ರಿ,” ಎಂದೆ ನೀನು. ಈ ಸಲ ಎಲ್ಲರಿಗೂ ಕೇಳಿಸಿತು.

ಹೊಳಬಸಪ್ಪ ನನ್ನ ಮುಖ ನೋಡಿದ. ಮೂವತ್ತೊಂದು ವರ್ಷದ ಹಿಂದೆ ಅವರಪ್ಪನ ಮನೆಯಲ್ಲಿ ಹೋಳಿಗೆ ಉಂಡು, ಬದುವಿನ ಕಲ್ಲನ್ನು ಇಪ್ಪತ್ತಾರು ಅಡಿ ನಿಮ್ಮ ಕಡೆ ಸರಿಸಿ ನೆಟ್ಟವನು ನಾನು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

“ಯವ್ವಾ ತಂಗಿ, ಮೋಟು ಸರಪಳಿಲೆ ಅಳದ್ರ ಹೊಲಕ್ಕ ಬಸಿರ ನಿಲ್ಲತೈತಿ,” ಎಂದುಬಿಟ್ಟೆ. ಕೊಂಡಿಯನ್ನು ಜೇಬಿನಿಂದ ತೆಗೆದು ಎಲ್ಲರಿಗೂ ತೋರಿಸಿದೆ. ಹುಡುಗರು ಬಿದ್ದು ಬಿದ್ದು ನಕ್ಕರು, ಹೊಳಬಸಪ್ಪನೂ ನಕ್ಕ. ಕೊಂಡಿಯ ತಪ್ಪನ್ನು ನೀನು ಆಗಲೇ ತಿದ್ದಿದ್ದೀ ಎಂದು ತಿಳಿದಿದ್ದವರು ಇಬ್ಬರೇ, ನೀನು ಮತ್ತು ನಾನು. ನೀನು ಒಮ್ಮೆ ನನ್ನನ್ನು ನೋಡಿದೆ. ಆಮೇಲೆ ನಿನ್ನ ಉತ್ತರದ ಮೇಲೆ ನೀನೇ ಗೀಟು ಎಳೆದೆ.

ಜೂನಿನಲ್ಲಿ ಟೀಚರು ಬಂದು ಹೇಳಿದರು, ನವಲಗುಂದದ ಕಾಲೇಜಿನ ಅರ್ಜಿಯಲ್ಲಿ ನೀನು ಗಣಿತ ಬಿಟ್ಟೆಯಂತೆ. ಎಷ್ಟು ಕೇಳಿದರೂ ನೀನು ಹೇಳಿದ್ದು ಒಂದೇ ಮಾತಂತೆ, “ನನಗ ಲೆಕ್ಕ ಬರಂಗಿಲ್ರಿ.”

ಆ ದಿನವೇ ನಿಮ್ಮಪ್ಪನ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಹೊಳಬಸಪ್ಪನ ಹೊಲದಲ್ಲೇ ದುಡಿಯುವ ಮನುಷ್ಯ, ಸುತ್ತ ನೋಡಿ, ಇರಲಿ ಬಿಡ್ರಿ ಯಜಮಾನ್ರ ಎಂದು ಕುಡಗೋಲು ಎತ್ತಿಕೊಂಡು ನಡೆದ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿನಗೇ ಹೇಳಿದೆ, ನಿನ್ನ ಲೆಕ್ಕ ಸರಿ ಇತ್ತು, ಸುಳ್ಳು ನನ್ನದು ಎಂದು. ನೀನು ನಕ್ಕೆ. “ಅಜ್ಜಾರ, ಚಾಷ್ಟಿ ಸಾಕ್ರಿ. ನನ್ನ ಸಮಾಧಾನಕ್ಕ ಹೇಳಾಕತ್ತೀರಿ,” ಎಂದು ಬಸ್ಸು ಹತ್ತಿದೆ. ನನ್ನ ಬದುಕಿನಲ್ಲಿ ನಾನು ಆಡಿದ ಒಂದೇ ನಿಜ ಅದು. ಅದಕ್ಕೂ ನಗೆಯೇ ಸಿಕ್ಕಿತು.

ಈಗ ಕಾಲೇಜಿನ ಪ್ರವೇಶವೂ ಮುಗಿದಿದೆಯಂತೆ. ಈ ಕಾಗದದಿಂದ ಆಗುವುದೇನೂ ಇಲ್ಲ ಎಂದು ಬಲ್ಲೆ. ಬರೆದು, ಸಹಿ ಮಾಡಿ ಕೊಡುತ್ತಿದ್ದೇನೆ, ಯಾರಿಗಾದರೂ ತೋರಿಸು. ನನ್ನನ್ನು ನಂಬಬೇಡ. ಮೇಲಿನ ಅಂಕಿಗಳನ್ನು ಇಟ್ಟುಕೊಂಡು ಒಬ್ಬಳೇ ಕೂತು ಮತ್ತೊಮ್ಮೆ ಮಾಡಿ ನೋಡು.

ಯಾರು ನಕ್ಕರೂ ನಿನ್ನ ಕೈ ಗೀಟು ಎಳೆಯದಿರಲಿ, ತಾಯಿ. ನನ್ನಂಥವನ ಹರಕೆ ಫಲಿಸುತ್ತದೋ ಇಲ್ಲವೋ, ಹರಸುತ್ತಿದ್ದೇನೆ.

ಕ್ಷಮೆ ಕೇಳುವ ಮುಖವಿಲ್ಲದ,
ಮೋಜಣಿ ಈರಪ್ಪ
ಮೊರಬ