ಹಡಗಿಗೆ ಗೇರು ಬಿದ್ದ ಸುದ್ದಿ

ಹಗರಿಬೊಮ್ಮನಹಳ್ಳಿ
11-11-2025, ಮಂಗಳವಾರ

ಶ್ರೀಯುತ ಗಂಗಾಧರ್ ಅವರಿಗೆ ಭಾಗ್ಯ ಮಾಡುವ ನಮಸ್ಕಾರಗಳು.

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ಐದೂ ತಾಲೂಕುಗಳ ಸಮಸ್ತ ಮಹಾಜನರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿನ್ನೆ ಗೋಧೂಳಿ ಸಮಯಕ್ಕೆ, ಎಪಿಎಂಸಿ ಬಯಲಿನಲ್ಲಿ, ಎರಡು ಎಮ್ಮೆಗಳ ಸಮ್ಮುಖದಲ್ಲಿ, ನಿಮ್ಮ ಹಡಗಿಗೆ ಎರಡನೇ ಗೇರು ಬಿದ್ದಿದೆ. ಮೊದಲನೆಯದು ಹಿಂದಿನ ವಾರವೇ ಬಿದ್ದಿತ್ತು. ಒಂದೇ ಗೇರಿಗೆ ಡಂಗುರ ಸಾರುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಸುಮ್ಮನಿದ್ದೆ.

ಹೆಸರು ಹಿಡಿದು ಬರೆದಳೆಂದು ಸಿಟ್ಟಾಗಬೇಡಿ. ಮದುವೆಯಾದಾಗಿನಿಂದ "ಏನ್ರಿ" ಎಂದೇ ಸಂಸಾರ ಮಾಡಿದ್ದೇನೆ. ಆದರೆ ಲಕೋಟೆಯ ಮೇಲೆ "ಏನ್ರಿ, ಕೊಟ್ಟೂರು" ಎಂದು ಬರೆದರೆ ಅಂಚೆಯವನು ಯಾರಿಗೆ ಕೊಡಬೇಕು? ಆ ಊರಲ್ಲಿ ಮನೆಗೊಬ್ಬ ಏನ್ರಿ ಇರುತ್ತಾನೆ. ನನ್ನ ಫೋನಂತೂ ನೀವು ಎತ್ತುವುದಿಲ್ಲ. ಗಣೇಶನನ್ನು ಕಳಿಸಿದ ವಾರವೇ ನೀವೂ ಕೊಟ್ಟೂರಿನ ನಿಮ್ಮಕ್ಕ ಶಿವಬಸಕ್ಕನ ಮನೆಗೆ ಹೋದಿರಿ. ಗಣೇಶನಾದರೆ ವರ್ಷಕ್ಕೊಮ್ಮೆ ಬರುತ್ತಾನೆ, ನಿಮ್ಮದು ಗೊತ್ತಿಲ್ಲ.

ಆ ಅಮೆರಿಕದ ಹಳೇ ಕಾರನ್ನು ಹಡಗಲಿಯ ಯಾರದೋ ಶೆಡ್ಡಿನಿಂದ ನೀವು ತಂದ ದಿನವೇ ಊರು ಅದಕ್ಕೆ ಹಡಗು ಎಂದು ಹೆಸರಿಟ್ಟಿತು. ಎಂಟು ಸಿಲಿಂಡರು, ಗೂಳಿಯ ಹೆಗಲಿನಂಥ ಬಾನೆಟ್ಟು, ಎಡಗಡೆ ಸ್ಟೇರಿಂಗು. ಕ್ಲಚ್ಚಿಲ್ಲ, ಗೇರನ್ನು ಅದೇ ಹಾಕಿಕೊಂಡು ಅದೇ ಓಡುತ್ತದೆ. ಎಣ್ಣೆ ಮಿಲ್ಲಿನ ಅಟ್ಟದಿಂದ ಬಿದ್ದು ಎಡಗಾಲಿಗೆ ರಾಡು ಹಾಕಿಸಿಕೊಂಡವರಿಗೆ ಎಡಗಾಲು ಕೇಳದ ಕಾರು ಬೇಕಿತ್ತು, ಸರಿ. ಹೊಸ ಕಾರುಗಳಲ್ಲೂ ಅಂಥವು ಸಿಗುತ್ತವಲ್ಲ ಎಂದರೆ, "ಅವು ಮಿಕ್ಸರ್ ಸಪ್ಪಳ ಮಾಡ್ತಾವ. ಇದು ಗುಡುಗ್ತೈತಿ" ಎಂದಿರಿ.

ಗುಡುಗಿತು, ಸುಳ್ಳಲ್ಲ. ಗುಡುಗಿ ಗುಡುಗಿ ಒಂದು ದಿನ ಉಜ್ಜಿನಿಯಿಂದ ಬರುವ ದಾರಿಯಲ್ಲಿ ಅದರ ಗೇರ್‌ಬಾಕ್ಸು ಕಣ್ಣು ಮುಚ್ಚಿತು. ಇಂಜಿನ್ನು ಅಬ್ಬರಿಸುತ್ತದೆ, ಚಕ್ರ ಅಲುಗುವುದಿಲ್ಲ. ಹಬ್ಬದ ದಿನ ನೀವು ಮನೆಗೆಲಸಕ್ಕೆ ನಿಂತ ಹಾಗೆ. ಬಿಡಿಭಾಗ ಅಮೆರಿಕದಿಂದ ಬರುತ್ತದೆ ಎಂದು ಬೆಂಗಳೂರಿನವರು ಹೇಳಿದ್ದನ್ನು ನಂಬಿ ಕಾದಿರಿ. ಹೋದ ವರ್ಷದ ದೀಪಾವಳಿಯಿಂದ ಕಾದಿರಿ.

ಆ ಕಾಯುವಿಕೆಯಲ್ಲಿ ನಿಮಗೊಂದು ರೂಢಿ ಬಿತ್ತು. ಮಿಲ್ಲಿನಿಂದ ಬಂದವರು ಮನೆಯೊಳಗೆ ಬರದೆ ಬೇವಿನ ಮರದ ಕೆಳಗೆ ನಿಂತ ಹಡಗಿನಲ್ಲಿ ಸ್ಟೇರಿಂಗ್ ಹಿಡಿದು ಕೂರುವುದು. ಚಹಾ ನಾನು ಕಿಟಕಿಗೇ ತಂದು ಕೊಡುವುದು. ಎದುರು ಮನೆಯ ಪಕ್ಕೀರಮ್ಮ, "ಏನ್ ಭಾಗ್ಯಾ, ಬಸ್ ಸ್ಟ್ಯಾಂಡಿನ್ಯಾಗ ಚಾ ಮಾರಿದಂಗ ಮಾರ್ತೀಯಲ್ಲ" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಂದು ಸಂಜೆ ನಾನೂ ಹತ್ತಿ ನಿಮ್ಮ ಪಕ್ಕ ಕುಳಿತೆ, ನೆನಪಿದೆಯೆ? ನೀವು ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿದಿರಿ. ಆಮೇಲೆ ಫಕ್ಕನೆ ಬ್ರೇಕು ಒತ್ತಿದಿರಿ. ಯಾಕ್ರಿ ಎಂದರೆ, "ಕೋಗಳಿ ಕ್ರಾಸಿನ್ಯಾಗ ದನ ಅಡ್ಡ ಬಂತು" ಎಂದಿರಿ. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ. ಒಳಗೆ ಹೋಗಿ ಏನು ಮಾಡಿದೆ ಎಂಬುದು ಈ ಪತ್ರಕ್ಕೆ ಬೇಕಿಲ್ಲ. ಮರುದಿನ ಗ್ಯಾರೇಜಿನ ಹುಲುಗೇಶನನ್ನು ಕರೆಸಿದೆ.

ಅವನು ಕೆಳಗೆ ತೂರಿ ನೋಡಿ ಬಂದು, "ಅಕ್ಕಾರ, ಇದರ ಹೊಟ್ಟ್ಯಾಗ ಏನೂ ಉಳದಿಲ್ರಿ, ಬರೇ ತವಡು. ಜೀಪಿಂದು ಗೇರ್‌ಬಾಕ್ಸ್ ಕುಂದರಸಬೌದು. ಆದ್ರ ಕ್ಲಚ್ ಬರ್ತೈತ್ರಿ, ಯಜಮಾನ್ರ ಕಾಲು..." ಎಂದು ನಿಲ್ಲಿಸಿದ. "ಕಾಲಿನ ಮಾತು ನನಗ ಬಿಡಪ್ಪ, ನೀ ಬಾಕ್ಸ್ ಇಳಸು" ಎಂದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ನಾನು ಚಹಾದ ಲೋಟ ಹಿಡಿದು ಇನ್ನೊಂದು ವರ್ಷ ಕಿಟಕಿಗೆ ನಿಲ್ಲುತ್ತಿದ್ದೆ.

ಬಾಕ್ಸು ಅಂಗಳದಲ್ಲಿ ಬಿದ್ದಿದ್ದು ಕಂಡು ನೀವು ಓಣಿಗೆಲ್ಲ ಕೇಳುವಂತೆ, "ಒಮ್ಮೆ ಮುರದ ಕಾಲು ಮತ್ತ ಮುರದಿ ನೀನು! ಕ್ಲಚ್ ಹಾಕ್ಸಾಕ ಹತ್ತೀದಿ, ತುಳಿಯಾಕ ಯಾರ್ ಬರ್ತಾರ, ನಿಮ್ಮಪ್ಪ?" ಎಂದು ಕೂಗಿ ಬಸ್ಸು ಹತ್ತಿದಿರಿ. ನಮ್ಮಪ್ಪ ತೀರಿಕೊಂಡು ವರ್ಷಗಳೇ ಆದವು. ಅವರು ಬರುವ ಸಂಭವ ಕಡಿಮೆ.

ಕೆಲಸದ ವರದಿ ಹೀಗಿದೆ. ಹೊಸಪೇಟೆಯ ಗುಜರಿಯಲ್ಲಿ ಜೀಪಿನ ಗೇರ್‌ಬಾಕ್ಸು ಸಿಕ್ಕಿತು. ಗೇರಿನ ಕೋಲು ಮೇಲೆ ಬರಲು ಕಾರಿನ ನೆಲ ಕತ್ತರಿಸಿದರು. ಆ ದಿನ ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡಿದ್ದೆ. ಎರಡು ಪೆಡಲ್ಲಿದ್ದ ಕಡೆ ಮೂರಾದವು. ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಡಿಸಿದರೆ ಹಡಗು ಕಪ್ಪೆಯಂತೆ ಜಿಗಿದು ನಿಂತಿತು, ಮೂರು ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಬಯಲಿನಲ್ಲಂತೂ ಹುಲುಗೇಶ ಮಾನ ಕಳೆದ. ಸ್ಟೇರಿಂಗ್ ಎಡಗಡೆ ಇದ್ದರೆ ಗೇರು ಬಲಗೈಗೆ ಬರುತ್ತದಲ್ಲ, ಅವನಿಗೆ ನೆನಪೇ ಇರುವುದಿಲ್ಲ. ಗೇರು ಹಾಕಬೇಕಾದಾಗಲೆಲ್ಲ ಎಡಗೈ ಬೀಸಿ ಬಾಗಿಲಿನ ಹಿಡಿ ಎಳೆಯುತ್ತಾನೆ, ಬಾಗಿಲು ತೆರೆದುಕೊಳ್ಳುತ್ತದೆ. "ಗೇರ್ ಹಾಕ್ರಿ ಅಂದ್ರ ಇಳದು ಹೊಂಟೀರಲ್ರಿ" ಎಂದು ಎಮ್ಮೆ ಕಾಯುವ ಅಜ್ಜ ಬಿದ್ದು ಬಿದ್ದು ನಕ್ಕ.

ಇಷ್ಟೇ ಸಮಾಚಾರ. ಮಿಲ್ಲನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಯಾಕೋ ಈಚೆಗೆ ಎಡಗಾಲಿನ ಮೀನಖಂಡ ಕಲ್ಲಿನಂತಾಗುತ್ತದೆ, ರಾತ್ರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತೇನೆ. ವಯಸ್ಸು ಇರಬೇಕು.

ಇನ್ನು ತಮಾಷೆ ಸಾಕು. ನನಗೆ ದಣಿವಾಗಿದೆ. ನಿಮ್ಮ ಕಾಲಿನಿಂದ ದಣಿದಿಲ್ಲ, ರಾಡಿನ ಜೊತೆ ನಾನು ಎಂದೋ ಹೊಂದಿಕೊಂಡೆ. ನಿಂತ ಕಾರಿನಿಂದ ದಣಿದೆ. ನೀವು ಇನ್ನು ಅದನ್ನು ಓಡಿಸಲಾಗದು, ನನಗೆ ಗೊತ್ತಿದ್ದೇ ಮಾಡಿಸಿದೆ. ಅದು ನಿಮಗೆ ಎಷ್ಟು ನೋವು ಎಂಬುದೂ ಗೊತ್ತು. ಆದರೂ ಓಡದ ಕಾರಿನಲ್ಲಿ ಓಡಿಸುವವರಾಗಿ ಇರುವುದಕ್ಕಿಂತ, ಓಡುವ ಕಾರಿನಲ್ಲಿ ಸುಮ್ಮನೆ ಕೂರುವುದು ಮೇಲಲ್ಲವೆ? ಕೋಗಳಿ ಕ್ರಾಸಿನ ದನ ನಿಜವಾಗಿ ಅಡ್ಡ ಬರಲಿ. ಬರುವ ಸೋಮವಾರ ಹುಲುಗೇಶ ಹಡಗು ತರುತ್ತಾನೆ. ಬರುವುದು ಬಿಡುವುದು ನಿಮ್ಮ ಚಿತ್ತ. ನೀವು ಬರದೆ ಅದು ಖಾಲಿ ವಾಪಸು ಬಂದರೆ, ಮತ್ತೆ ಪತ್ರ ಬರೆಯುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ.

ಶಿವಬಸಕ್ಕನಿಗೆ ನಮಸ್ಕಾರ ಹೇಳಿ. ನಿಮ್ಮನ್ನು ಇಷ್ಟು ದಿನ ಸಹಿಸಿದ್ದಕ್ಕೆ ಇನ್ನೊಂದು ನಮಸ್ಕಾರ ಬೇರೆಯಾಗಿ ಹೇಳಿ.

ಇಂತಿ ನಿಮ್ಮ
ಭಾಗ್ಯ

ಮರೆತಿದ್ದೆ: ಬಯಲಿನಲ್ಲಿ ಗೇರೆಂದು ಬಾಗಿಲು ತೆಗೆದವಳು ನಾನು. ಹುಲುಗೇಶನ ಹೆಸರು ಸುಮ್ಮನೆ ಕೆಡಿಸಿದೆ, ಪಾಪ, ಅವನು ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದ. ಹೊಸಪೇಟೆಗೆ ಹೋಗಿ ಲೈಸೆನ್ಸೂ ತಂದೆ. ಸೋಮವಾರ ಬರುವವಳೂ ನಾನೇ. ಇನ್ನೊಂದು ಮಾತು. ನಿನ್ನೆ ಸರ್ಕಲ್ಲಿನಲ್ಲಿ ಪೊಲೀಸಪ್ಪ ಗಾಡಿ ನಿಲ್ಲಿಸಿ, ನೆಟ್ಟಗೆ ಬಲಗಡೆಗೆ ಬಂದು, ಕೈಕಟ್ಟಿ ಕುಳಿತಿದ್ದ ಹುಲುಗೇಶನಿಗೇ ಲೈಸೆನ್ಸ್ ಕೇಳಿದ. ಸ್ಟೇರಿಂಗ್ ಹಿಡಿದ ನಾನು ಅವನ ಕಣ್ಣಿಗೇ ಬೀಳಲಿಲ್ಲ. ಅಂದರೆ, ನೀವು ಬಲಗಡೆ ಕುಳಿತು ಮೊಣಕೈ ಕಿಟಕಿಯ ಹೊರಗಿಟ್ಟರೆ ಸಾಕು, ಊರಿನ ಪಾಲಿಗೆ ಹಡಗು ಓಡಿಸುವವರು ನೀವೇ. ನಾನು ಯಾರಿಗೂ ಹೇಳುವುದಿಲ್ಲ.

ಒಂದೇ ಉಪಕಾರ ಮಾಡಬೇಕು. ರಿವರ್ಸ್ ಗೇರು ಇನ್ನೂ ಬೀಳುತ್ತಿಲ್ಲ. ಅಕ್ಕನ ಓಣಿಯೊಳಗೆ ಬಂದರೆ ನನಗೆ ತಿರುಗಿಸಲು ಆಗುವುದಿಲ್ಲ. ಆದ್ದರಿಂದ ಸೋಮವಾರ ಬೆಳಗ್ಗೆ ಚೀಲ ಹಿಡಿದು ದೊಡ್ಡ ರಸ್ತೆಗೇ ಬಂದು ನಿಲ್ಲಿ.